ತೋಟವೋ, ರೆಕ್ಕೆಯೋ?

ಕಳೆದ ತಿಂಗಳು ತೀರ್ಥಹಳ್ಳಿ ಸೀಮೆಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ರಾತ್ರಿಯ ಊಟ ಮುಗಿದು ಎಲೆಯಡಕೆಯ ತಟ್ಟೆ ನಡುಮನೆಗೆ ಬಂದಾಗ ನನ್ನ ಭಾವನವರು ಒಂದು ಕಾಗದವನ್ನು ತೆಗೆದು ನನ್ನ ಕೈಗಿತ್ತರು. “ಭಾವ, ನೀವು ನಾಲ್ಕಕ್ಷರ ಹೆಚ್ಚು ಓದಿದವರು. ಇದನ್ನು ನೋಡಿ ಒಂದು ಮಾತು ಹೇಳಿ. ಆಮೇಲೆ ನಾನು ಬ್ಯಾಂಕಿಗೆ ಹೋಗುತ್ತೇನೆ” ಎಂದರು. ಅದು ವಿಮಾನ ಚಾಲನೆಯನ್ನು ಕಲಿಸುವ ಶಾಲೆಯೊಂದರ ಶುಲ್ಕದ ಪಟ್ಟಿ. ಅದರ ಬೆನ್ನಿಗೆ ಅವರ ನಾಲ್ಕು ಎಕರೆ ಅಡಕೆ ತೋಟದ ಪಹಣಿಯ ಪ್ರತಿ ಸೇರಿಕೊಂಡಿತ್ತು.

ಪೈಲಟ್ ಆಗಬೇಕೆಂದು ಹೊರಟಿರುವವಳು ಅವರ ಒಬ್ಬಳೇ ಮಗಳು. ಭೌತಶಾಸ್ತ್ರ, ಗಣಿತಗಳನ್ನು ಓದಿ ಪಿ.ಯು.ಸಿ. ಮುಗಿಸಿದ್ದಾಳೆ. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವಾಯಿತಲ್ಲ, ಅಲ್ಲಿಗೆ ಇಳಿಯುವ ವಿಮಾನವನ್ನು ರಸ್ತೆಯ ಬದಿಯಲ್ಲಿ ನಿಂತು ನೋಡಿದ ದಿನದಿಂದ ಅವಳಿಗೆ ಬೇರೆ ಯೋಚನೆಯಿಲ್ಲ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನೇ ಹೊರತು ವಿಮಾನ ವಿದ್ಯೆಯನ್ನು ಬಲ್ಲವನಲ್ಲ. ಆದರೆ ಕೇಳಿದವರು ನನ್ನವರು. ಪಣಕ್ಕೆ ಬಂದಿರುವುದು ಒಂದು ಕುಟುಂಬದ ಅನ್ನ. ಆದುದರಿಂದ ಒಂದು ತಿಂಗಳ ಅವಕಾಶವನ್ನು ಕೇಳಿ ಪಡೆದು, ಓದಬೇಕಾದುದನ್ನು ಓದಿ, ವಿಚಾರಿಸಬೇಕಾದವರನ್ನು ವಿಚಾರಿಸಿದೆ. ಈ ಪ್ರಶ್ನೆ ಇಂದು ನಾಡಿನ ಅನೇಕ ಮನೆಗಳ ನಡುಮನೆಯಲ್ಲಿ ಎದ್ದಿರುವುದರಿಂದ, ಕಂಡುಕೊಂಡುದನ್ನು ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಮೊದಲು ದಾರಿ ಯಾವುದೆಂದು ತಿಳಿಯೋಣ. ಬಾಡಿಗೆಗೆ ವಿಮಾನ ನಡೆಸುವ ಲೈಸೆನ್ಸು, ಎಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸು, ದೊರೆಯಬೇಕಾದರೆ ಹದಿನೆಂಟು ವರ್ಷ ತುಂಬಿರಬೇಕು. 200 ಗಂಟೆಗಳ ಹಾರಾಟ ಮುಗಿದಿರಬೇಕು. ವಾಯುನಿಯಮ, ದಿಕ್ಸಾಧನೆ, ಹವಾಮಾನ, ಯಂತ್ರಜ್ಞಾನ ಮೊದಲಾದ ವಿಷಯಗಳಲ್ಲಿ ನೂರಕ್ಕೆ ಎಪ್ಪತ್ತು ಅಂಕ ಪಡೆದು ತೇರ್ಗಡೆಯಾಗಬೇಕು. ರೇಡಿಯೋದಲ್ಲಿ ಮಾತನಾಡುವ ಪರೀಕ್ಷೆ ಬೇರೆ. ಇಷ್ಟಕ್ಕೆ ಇಂದು ಐವತ್ತು ಲಕ್ಷದ ಆಸುಪಾಸು ಬೇಕು. ಇದನ್ನೆಲ್ಲ ಮುಗಿಸಿದವರು ನೇರವಾಗಿ ದೊಡ್ಡ ವಿಮಾನದಲ್ಲಿ ಕೂರಬಹುದೇ ಎಂದರೆ, ಇಲ್ಲ. ಏರ್‌ಬಸ್ ಆಗಲಿ ಬೋಯಿಂಗ್ ಆಗಲಿ, ಆಯಾ ಮಾದರಿಗೆ ಪ್ರತ್ಯೇಕ ತರಬೇತಿಯಾಗಬೇಕು. ಟೈಪ್ ರೇಟಿಂಗ್ ಎಂದು ಕರೆಯುವ ಆ ಮೆಟ್ಟಿಲಿಗೆ ಮತ್ತೆ ಹದಿನೈದು ಇಪ್ಪತ್ತು ಲಕ್ಷ. ಶುಲ್ಕದ ಪಟ್ಟಿಯಲ್ಲಿ ಈ ಎರಡನೆಯ ಮೊತ್ತ ಇರಲಿಲ್ಲ. ಭಾವನವರಿಗೆ ಅದರ ಸುಳಿವೇ ಇರಲಿಲ್ಲ.

ಒಟ್ಟು ಎಪ್ಪತ್ತು ಲಕ್ಷವನ್ನು ಶೇಕಡ 11ರ ಬಡ್ಡಿಗೆ ತಂದು ಹತ್ತು ವರ್ಷಗಳಲ್ಲಿ ತೀರಿಸುವುದೆಂದಿಟ್ಟುಕೊಂಡರೆ, ತಿಂಗಳ ಕಂತು ಸುಮಾರು 96 ಸಾವಿರವಾಗುತ್ತದೆ. ಕೆಲಸ ದೊರೆತರೆ ಇದು ಹೊರಲಾರದ ಹೊರೆಯಲ್ಲ; ಸಹಚಾಲಕರ ಸಂಬಳ ತಿಂಗಳಿಗೆ ಲಕ್ಷವನ್ನು ದಾಟುತ್ತದೆ, ಕ್ಯಾಪ್ಟನ್ನರ ಸಂಬಳ ಅದರ ಹಲವು ಪಾಲು. ಕೆಲಸ ದೊರೆಯುವ ತನಕ ಕಂತನ್ನು ಕಟ್ಟುವವರಾರು ಎಂಬುದೇ ಪ್ರಶ್ನೆ.

ಕೆಲಸಕ್ಕೇನು ಕೊರತೆ ಎಂದು ಕೇಳುವವರುಂಟು. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳನ್ನು ಕೊಳ್ಳುವುದಾಗಿ ಸಾರಿತು. ಅದೇ ಜೂನ್ ತಿಂಗಳಲ್ಲಿ ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಇಷ್ಟು ವಿಮಾನಗಳನ್ನು ನಡೆಸಲು ಸಾವಿರಾರು ಮಂದಿ ಬೇಕೆಂಬುದು ಸರಳ ಗಣಿತ. ಆದರೆ ಈ ಗಣಿತದಲ್ಲಿ ಒಂದು ಅಂಶ ಮರೆಯಾಗಿದೆ. ಕಂಪನಿಗಳಿಗೆ ಕೊರತೆಯಾಗಿರುವುದು ಮುಖ್ಯವಾಗಿ ಅನುಭವವುಳ್ಳ ಕ್ಯಾಪ್ಟನ್ನರದು. ಅದಕ್ಕೆಂದೇ ಅವು ಹೊರದೇಶದವರನ್ನು ಕರೆತಂದದ್ದೂ ಉಂಟು. ಕ್ಯಾಪ್ಟನ್ನರಿಗೆ ಬೇಕಾದ ಮೇಲ್ದರ್ಜೆಯ ಲೈಸೆನ್ಸಿಗೆ 1,500 ಗಂಟೆಗಳ ಹಾರಾಟ ಬೇಕು. ಹೊಸದಾಗಿ ಲೈಸೆನ್ಸು ಪಡೆದವರ ಕೈಯಲ್ಲಿರುವುದು 200 ಗಂಟೆ. 2020ರಲ್ಲಿ ದೇಶದಲ್ಲಿ ಹೊಸದಾಗಿ ಲೈಸೆನ್ಸು ಪಡೆದವರು 600ಕ್ಕಿಂತ ಕಡಿಮೆ. 2023ರಲ್ಲಿ 1,600ಕ್ಕೂ ಹೆಚ್ಚು. ಬಾಗಿಲಲ್ಲಿ ನಿಂತವರ ಸಾಲು ಬೆಳೆಯಿತು. ಒಳಗೆ ಖಾಲಿಯಿರುವುದಾದರೋ ಮೇಲಿನ ಪೀಠ. ‘ಪೈಲಟ್ಟರ ಕೊರತೆ’ ಎಂಬ ಒಂದೇ ಮಾತಿನಲ್ಲಿ ಈ ಎರಡು ಸಂಗತಿಗಳೂ ಕಲಸಿಹೋಗಿವೆ.

ಇನ್ನು ಈ ಉದ್ಯಮದ ಏರಿಳಿತ. ವಿಜೃಂಭಣೆಯಿಂದ ಹಾರಿದ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು. 1993ರಿಂದ ಹಾರುತ್ತಿದ್ದ ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ರೆಕ್ಕೆ ಮಡಚಿತು. 2020ರ ಮಾರ್ಚ್ 25ರಿಂದ ಎರಡು ತಿಂಗಳು, ಮಹಾಮಾರಿಯ ದೆಸೆಯಿಂದ, ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನೆಲದ ಮೇಲೆಯೇ ಉಳಿದವು. ಗೋ ಫಸ್ಟ್ ಹಾರಾಟ ನಿಲ್ಲಿಸಿದ್ದು 2023ರ ಮೇ ತಿಂಗಳಲ್ಲಿ, ಎಂದರೆ ಇಂಡಿಗೋ 500 ವಿಮಾನಗಳ ಮಾತೆತ್ತುವುದಕ್ಕೆ ಸುಮಾರು ಒಂದೂವರೆ ತಿಂಗಳ ಮುನ್ನ. ಒಂದೇ ಆಕಾಶದ ಕೆಳಗೆ, ಒಂದೇ ಬೇಸಿಗೆಯಲ್ಲಿ, ಒಬ್ಬರಿಗೆ ಸುಗ್ಗಿ, ಇನ್ನೊಬ್ಬರಿಗೆ ಬರ!

ಕಂಪನಿ ಮುಳುಗಿದರೆ ಇನ್ನೊಂದು ಕಂಪನಿ ಸೇರಬಹುದಲ್ಲವೇ? ಸೇರಬಹುದು, ಆದರೆ ಗುಮಾಸ್ತನು ಕಚೇರಿ ಬದಲಾಯಿಸಿದಂತಲ್ಲ ಅದು. ಬೋಯಿಂಗ್ ನಡೆಸಿದವರು ಏರ್‌ಬಸ್ ಕಂಪನಿಗೆ ಹೋದರೆ ಹೊಸ ತರಬೇತಿ, ಹೊಸ ಪರೀಕ್ಷೆ. ಹಿರಿತನದ ಪಟ್ಟಿಯಲ್ಲಿ ಮತ್ತೆ ಕೆಳಗಿನ ಸಾಲು. ಉದ್ಯಮದ ಭಾಗ್ಯ ಏರುತ್ತದೆ, ಇಳಿಯುತ್ತದೆ; ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ಅಡಕೆಯ ಧಾರಣೆ ಬಿದ್ದ ವರ್ಷಗಳನ್ನು ಕಂಡಿರುವ ಭಾವನವರಿಗೆ ಈ ಮಾತನ್ನು ಎರಡು ಸಲ ಹೇಳಬೇಕಾಗಲಿಲ್ಲ.

ಹಣದ ವಿಚಾರ ಇಷ್ಟು. ಆದರೆ ನನ್ನ ತಂಗಿಯ ಚಿಂತೆ ಬೇರೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಮೇಲೇರಿದ ವಿಮಾನ ಕ್ಷಣಗಳಲ್ಲೇ ಕೆಳಗೆ ಬಿದ್ದು, ಒಳಗಿದ್ದ 242 ಜನರಲ್ಲಿ ಒಬ್ಬರ ಹೊರತು ಎಲ್ಲರೂ ಅಳಿದರು. ಅಂದಿನಿಂದ ಅವಳು ಮಗಳ ಮುಂದೆ ವಿಮಾನದ ಮಾತನ್ನೇ ಎತ್ತುವುದಿಲ್ಲ. ಅಂಥ ದುರಂತ ಅಪೂರ್ವವೆಂದು ಅಂಕಿಗಳಿಂದ ತೋರಿಸಬಹುದು. ತಾಯಿಯ ಭಯ ಅಂಕಿಗಳಿಗೆ ಅಂಜುವುದಿಲ್ಲ. ದುರಂತಕ್ಕಿಂತ ನಿತ್ಯವಾದ ಒಂದು ಶತ್ರು ಈ ವೃತ್ತಿಗಿದೆ. ನಾವು ಯೋಚಿಸಬೇಕಾದುದು ಅದನ್ನು ಕುರಿತು. ಅದೆಂದರೆ ಆಯಾಸ.

2010ರ ಮೇ 22ರ ಬೆಳಗಿನ ಆರು ಗಂಟೆಯ ಸಮಯವನ್ನು ಕನ್ನಡಿಗರು ಮರೆಯಲಾರರು. ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. 158 ಮಂದಿ ತೀರಿಕೊಂಡರು. ಉಳಿದವರು ಎಂಟು ಮಂದಿ. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇದು: ಧ್ವನಿಮುದ್ರಣ ಯಂತ್ರದಲ್ಲಿ ಉಳಿದಿದ್ದ ಎರಡು ಗಂಟೆಗಳ ಪೈಕಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ಕ್ಯಾಪ್ಟನ್ ನಿದ್ರೆಯಲ್ಲಿದ್ದರು. ಎಚ್ಚತ್ತ ಮೇಲೂ ನಿದ್ರೆಯ ಮಬ್ಬು ಬುದ್ಧಿಯನ್ನು ಬಿಟ್ಟಿರಲಿಲ್ಲ. ಇಳಿಯುವ ಕ್ರಮ ತಪ್ಪಿದೆ, ಮೇಲಕ್ಕೆ ಎಬ್ಬಿಸಿ ಎಂದು ಸಹಚಾಲಕರು ಮತ್ತೆ ಮತ್ತೆ ಹೇಳಿದರು. ಆ ಮಾತು ನಡೆಯಲಿಲ್ಲ.

ಈ ಹಿನ್ನೆಲೆಯಲ್ಲಿ 2025ರ ಡಿಸೆಂಬರಿನ ಗಲಭೆಯನ್ನು ನೋಡಬೇಕು. ಚಾಲಕರ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿಯ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ನಿಯಮ ಮಾಡಿತ್ತು. ಜುಲೈಯಲ್ಲಿ ಒಂದು ಭಾಗ, ನವೆಂಬರಿನಲ್ಲಿ ಉಳಿದ ಭಾಗ ಜಾರಿಗೆ ಬಂದವು. ಅದಕ್ಕೆ ತಕ್ಕಷ್ಟು ಚಾಲಕರ ಏರ್ಪಾಡಿಲ್ಲದೆ ಇಂಡಿಗೋ ಕಂಪನಿಯ ಸಾವಿರಾರು ಹಾರಾಟಗಳು ಕೆಲವೇ ದಿನಗಳಲ್ಲಿ ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲಿ ಪೆಟ್ಟಿಗೆಗಳ ನಡುವೆ ಜನ ನೆಲದ ಮೇಲೆ ಮಲಗಿದರು. ಕೊನೆಗೆ ನಿರ್ದೇಶನಾಲಯವೇ ಆ ಕಂಪನಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಪ್ರಯಾಣಿಕರ ಸಿಟ್ಟು ಸಹಜ. ಆದರೆ ಸಡಿಲವಾದದ್ದು ಯಾವ ನಿಯಮ? ಆ ಪ್ರಯಾಣಿಕರನ್ನು ಹೊತ್ತು ಹಾರುವವರ ನಿದ್ರೆಯ ನಿಯಮ! ಈ ವೃತ್ತಿಗೆ ಹೋಗುವ ಯುವಕ ಯುವತಿಯರು ತಿಳಿದಿರಬೇಕಾದುದು ಇದು: ಇಲ್ಲಿ ವಿಶ್ರಾಂತಿ ದೊರೆಯುವುದು ಬರಿಯ ಕಾಗದದ ಬಲದಿಂದಲ್ಲ, ನನಗೆ ಆಯಾಸವಾಗಿದೆ, ಈ ದಿನ ಹಾರಲಾರೆ ಎಂದು ಹೇಳುವ ಧೈರ್ಯದಿಂದ. ಸಾಲದ ಕಂತು ಕುತ್ತಿಗೆಯ ಮೇಲಿದ್ದವರಿಗೆ ಆ ಧೈರ್ಯ ಸುಲಭವಾಗಿ ಬರುವುದಿಲ್ಲ. ತೋಟಕ್ಕೂ ಆಕಾಶಕ್ಕೂ ಇರುವ ನಂಟು ಇಲ್ಲಿದೆಯೆಂದು ನನಗೆ ತೋರಿತು.

ಹಾಗಾದರೆ ಬೇಡವೆನ್ನಬೇಕೇ? ಹಾಗೆನ್ನಲು ನನಗೆ ಮನಸ್ಸು ಬರಲಿಲ್ಲ. ನಮ್ಮ ದೇಶದ ಪೈಲಟ್ಟರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಹೆಂಗಸರು. ಜಗತ್ತಿನ ಸರಾಸರಿ ಇದರ ಅರ್ಧಕ್ಕಿಂತಲೂ ಕಡಿಮೆ. ನಮ್ಮ ಹೆಣ್ಣುಮಕ್ಕಳು ಇಷ್ಟು ಮುಂದೆ ಹೋಗಿರುವ ವೃತ್ತಿಗಳು ಹೆಚ್ಚಿಲ್ಲ. ಕಲಿಯುವ ಸ್ಥಳಗಳೂ ಹತ್ತಿರ ಬಂದಿವೆ. ಮೈಸೂರು ಸಂಸ್ಥಾನದ ಕಾಲದ ಕೊನೆಯಲ್ಲಿ ಆರಂಭವಾದ ಜಕ್ಕೂರಿನ ಸರ್ಕಾರಿ ಶಾಲೆಯ ಜೊತೆಗೆ, ಬೆಳಗಾವಿ, ಕಲಬುರಗಿಗಳ ನಿಲ್ದಾಣಗಳಲ್ಲಿಯೂ ಈಚೆಗೆ ತರಬೇತಿಗೆ ಎಡೆ ದೊರೆತಿದೆ.

ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ: “ಅಮ್ಮಾ, ಈ ಕೆಲಸದಲ್ಲಿ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಕೂರಿಸಿ ನಿನ್ನ ಕೈಚಳಕವನ್ನು ಪರೀಕ್ಷಿಸುತ್ತಾರೆ. ವರ್ಷವರ್ಷವೂ ವೈದ್ಯರು ಮೈಯನ್ನು ಪರೀಕ್ಷಿಸುತ್ತಾರೆ. ಹಾರುವ ಮುನ್ನ ಉಸಿರನ್ನೂ ಊದಿಸಿ ನೋಡುತ್ತಾರೆ. ಅರವತ್ತೈದರವರೆಗೂ ವಿದ್ಯಾರ್ಥಿಯಾಗಿಯೇ ಇರಬೇಕು. ಒಪ್ಪಿಗೆಯೇ?” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪರೀಕ್ಷೆಗೆ ನನಗೆ ಹೆದರಿಕೆಯಿಲ್ಲ ಮಾವ. ಅಪ್ಪ ತೋಟ ಅಡವಿಡುವುದಕ್ಕೆ ಹೆದರಿಕೆ” ಎಂದಳು. ಸಮವಸ್ತ್ರದ ಮಾತನ್ನೂ ದೇಶಾಂತರದ ಮಾತನ್ನೂ ಅವಳು ಎತ್ತಲಿಲ್ಲ. ಈ ಉತ್ತರದಿಂದ ನನಗೆ ಅವಳ ಮೇಲೆ ಭರವಸೆ ಹುಟ್ಟಿತು.

ನಾನು ಭಾವನವರಿಗೆ ಹೇಳಿದುದು ಇಷ್ಟೆ. ಹೆಚ್ಚು ಖರ್ಚಿನ ಮೆಟ್ಟಿಲನ್ನು ಕೊನೆಗೆ ಏರಬೇಕು, ಕಡಿಮೆ ಖರ್ಚಿನದನ್ನು ಮೊದಲು. ಮೊಟ್ಟಮೊದಲು ವೈದ್ಯ ಪರೀಕ್ಷೆ: ಎರಡನೆಯ ವರ್ಗದ್ದು, ಬಳಿಕ ಒಂದನೆಯ ವರ್ಗದ್ದು. ಕನ್ನಡಕವಿದ್ದರೆ ಆಗದೆಂಬುದು ಹಳೆಯ ತಪ್ಪು ತಿಳಿವಳಿಕೆ. ಆದರೆ ಬಣ್ಣಗಳನ್ನು ಗುರುತಿಸಲಾರದ ಕಣ್ಣಾದರೆ ದಾರಿ ಅಲ್ಲಿಗೇ ಮುಗಿಯಬಹುದು. ತೋಟ ಹೋದ ಮೇಲೆ ಅದನ್ನು ತಿಳಿದು ಫಲವೇನು? ಅನಂತರ ಮನೆಯಲ್ಲಿಯೇ ಓದಿ ಲಿಖಿತ ಪರೀಕ್ಷೆಗಳನ್ನು ಮುಗಿಸಲಿ. ಆಗ ಹಾರಾಟಕ್ಕೆ ಸೇರುವ ಮಾತು. ಅದಕ್ಕೂ ಅಡವಿಡುವುದಾದರೆ ಎರಡು ಎಕರೆ ಮಾತ್ರ. ಉಳಿದೆರಡು ಎಕರೆ, ಯಾವ ಕಂಪನಿ ಏಳಲಿ ಬೀಳಲಿ, ಮನೆಯ ಊಟಕ್ಕೆ. ಎರಡು ಎಕರೆಯಿಂದ ಹಣ ಸಾಲದಿದ್ದರೆ ಒಂದೆರಡು ವರ್ಷ ಕಾಯುವುದು. ಹತ್ತೊಂಬತ್ತು ವರ್ಷದ ಹುಡುಗಿಗೆ ಅರವತ್ತೈದು ಬಹಳ ದೂರವಿದೆ.

ಭಾವನವರು ಪಹಣಿಯನ್ನು ಪೆಟ್ಟಿಗೆಗೆ ಹಿಂದಿರುಗಿಸಿದ್ದಾರೆ. ಹುಡುಗಿ ವೈದ್ಯ ಪರೀಕ್ಷೆಗೆ ಹೆಸರು ಕೊಟ್ಟು, ಹವಾಮಾನದ ಪುಸ್ತಕವನ್ನು ತರಿಸಿಕೊಂಡಿದ್ದಾಳೆ. ಮೊನ್ನೆ ಫೋನಿನಲ್ಲಿ ಭಾವನವರು ನಗುತ್ತ ಹೇಳಿದರು: ಕೊಳೆರೋಗಕ್ಕೆ ಮದ್ದು ಹೊಡೆಯಲು ಯಾವ ದಿನ ಬಿಡುವಾದೀತೆಂದು ತಾವು ಪಶ್ಚಿಮದ ಮೋಡ ನೋಡುತ್ತ ನಿಂತಿದ್ದಾಗ, ಮಗಳು ಪುಸ್ತಕ ಹಿಡಿದು ಪಕ್ಕಕ್ಕೆ ಬಂದು ಆ ಮೋಡದ ಹೆಸರು ಹೇಳಿದಳಂತೆ. ನನ್ನ ತಂಗಿ ಒಳಗಿನಿಂದ ಕೇಳಿಸಿಕೊಂಡಳೇ ಹೊರತು ಏನೂ ಹೇಳಲಿಲ್ಲವಂತೆ.