ರಾತ್ರಿಯಿಡೀ ಕುರುಕ್ಷೇತ್ರ, ನಮ್ಮ ಪಾಡಿಗೆ ಅರ್ಧ ಗಂಟೆಯೂ ಇಲ್ಲವೆ?

ತುಮಕೂರು ಸೀಮೆಯಲ್ಲಿ ನಾಟಕಕ್ಕೆ ಬರ ಬಂದಿದೆಯೆಂದು ಯಾರೂ ಹೇಳಲಾರರು. ಸುಗ್ಗಿ ಮುಗಿದು ಜಾತ್ರೆಗಳು ಮೊದಲಾದರೆ ಸಾಕು, ಕುಣಿಗಲಿನ ಹಳ್ಳಿಗಳಿಂದ ಹಿಡಿದು ಗುಬ್ಬಿಯ ಹೋಬಳಿಗಳವರೆಗೆ ಸೀನರಿ ಏರುತ್ತದೆ, ಹಾರ್ಮೋನಿಯಂ ದನಿಯೆತ್ತುತ್ತದೆ, ಭೀಮನ ಗದೆ ದೀಪದ ಬೆಳಕಿಗೆ ಹೊಳೆಯುತ್ತದೆ. ಬರ ಬಂದಿರುವುದು ನಾಟಕಕ್ಕಲ್ಲ. ಗಿರಣಿಯಲ್ಲಿ ದುಡಿಯುವವನ, ಪೇಟೆಯ ಮೂಲೆಯಲ್ಲಿ ಅಂಗಡಿ ಇಟ್ಟುಕೊಂಡವನ ಬಾಳನ್ನು ಕುರಿತು ಮಾತನಾಡುವ ನಾಟಕಕ್ಕೆ. ಈ ಬರ ದೇವರು ಕೊಟ್ಟದ್ದಲ್ಲ, ನಾವೇ ತಂದುಕೊಂಡದ್ದು. ಆದ್ದರಿಂದ ನೀಗಿಸತಕ್ಕವರೂ ನಾವೇ.

ಮೊದಲು ಲೆಕ್ಕ ನೋಡೋಣ. ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡುವವನಿಗೆ ಸಂಬಳವಿಲ್ಲ; ಪಾತ್ರಕ್ಕೆ ಅವನೇ ಹಣ ಕಟ್ಟಬೇಕು. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಕರ್ಣನಿಗೆ ಇಷ್ಟು. ಆ ಹಣ ಸೀನರಿಯವರಿಗೆ, ಡ್ರೆಸ್ಸಿನವರಿಗೆ, ಪೇಟಿ ಮೇಷ್ಟ್ರಿಗೆ, ಹೊರಗಿನಿಂದ ಕರೆಸುವ ಸ್ತ್ರೀ ಪಾತ್ರಧಾರಿಗಳಿಗೆ, ಮೈಕಿನವರಿಗೆ, ಮೂಲೆ ಮೂಲೆಗೆ ಕಟ್ಟುವ ಫ್ಲೆಕ್ಸಿಗೆ ಸಂದಾಯವಾಗುತ್ತದೆ. ಕಲಾವಿದರೂ ವಾದ್ಯದವರೂ ಹೊಟ್ಟೆ ಹೊರೆದುಕೊಳ್ಳುವುದನ್ನು ನಾವು ಆಕ್ಷೇಪಿಸುವುದಿಲ್ಲ. ವರ್ಷವೆಲ್ಲ ಮೇಸ್ತ್ರಿಯ ಮುಂದೆ ತಲೆತಗ್ಗಿಸಿ ನಿಲ್ಲುವ ಕೂಲಿಕಾರ ಒಂದು ರಾತ್ರಿ ಕಿರೀಟವಿಟ್ಟು ಕಂದಪದ್ಯ ಹಾಡಿದರೆ ಅವನನ್ನು ಹಾಸ್ಯ ಮಾಡುವವರು ನಾವಲ್ಲ. ಆ ಗಂಟಲು, ಆ ನೆನಪಿನ ಶಕ್ತಿ, ತಿಂಗಳುಗಟ್ಟಲೆ ಅಭ್ಯಾಸಕ್ಕೆ ಕೂರುವ ಆ ನಿಷ್ಠೆ ನಮ್ಮ ಜನರ ಆಸ್ತಿ. ನಾವು ಕೇಳುವುದು ಇಷ್ಟೇ: ಸಾಲ ಮಾಡಿ ಕಿರೀಟ ತೊಡುವವನು ಬೆಳಗಾಗೆದ್ದು ಸಾಲಗಾರನ ಕಥೆಯನ್ನು ಏಕೆ ಆಡಬಾರದು? ಹದಿನೆಂಟು ಅಕ್ಷೋಹಿಣಿಗೆ ರಂಗದ ಮೇಲೆ ಜಾಗವಿರುವಾಗ ಹಾಜರಿ ಪುಸ್ತಕಕ್ಕೆ ಏಕಿಲ್ಲ?

ಗುಬ್ಬಿಯ ಹೆಸರಿನ ದುರುಪಯೋಗ

ಈ ಪ್ರಶ್ನೆ ಕೇಳಿದೊಡನೆ ಕೆಲವರು ಗುಬ್ಬಿ ವೀರಣ್ಣನವರ ಹೆಸರನ್ನು ಗುರಾಣಿಯಂತೆ ಹಿಡಿಯುತ್ತಾರೆ. “ಇದು ವೀರಣ್ಣನವರ ನೆಲ, ಇಲ್ಲಿ ಪೌರಾಣಿಕವೇ ಪರಂಪರೆ” ಎನ್ನುತ್ತಾರೆ. ವೀರಣ್ಣನವರು ಮಾಡಿದ್ದೇನು? 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ಕೈಗೆತ್ತಿಕೊಂಡು, ತಮ್ಮ ಕಾಲದಲ್ಲಿ ಹೊಸದಾಗಿದ್ದುದನ್ನೆಲ್ಲ ರಂಗಕ್ಕೆ ತಂದರು. ವಿದ್ಯುದ್ದೀಪ ತಂದರು; ಹೆಂಗಸರ ಪಾತ್ರವನ್ನು ಹೆಂಗಸರಿಂದಲೇ ಮಾಡಿಸಿದರು; 1934ರ ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ ಕುದುರೆಗಳನ್ನೇ ನಿಲ್ಲಿಸಿದರು; ಸಿನಿಮಾ ಬಂದಾಗ ಅದಕ್ಕೂ ಕೈ ಹಾಕಿ 1954ರ ‘ಬೇಡರ ಕಣ್ಣಪ್ಪ’ದವರೆಗೆ ನಡೆದರು. ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅವರ ಕಂಪನಿಯಲ್ಲಿ ಪಳಗಿದವರು, ಬಿ.ವಿ. ಕಾರಂತರೂ ಬಾಲಕರಾಗಿ ಅಲ್ಲೇ ಸೇರಿದರು. 1972ರಲ್ಲಿ ತೀರಿಹೋದ ಆ ಮಹನೀಯರು ಬಾಳಿದ್ದಷ್ಟು ಕಾಲವೂ ನಿನ್ನೆಯದನ್ನು ನಾಳೆಗೆ ಎಳೆಯಲಿಲ್ಲ. ಅವರ 1934ರ ನಾಟಕವನ್ನು ಆನೆಯೂ ಇಲ್ಲದೆ, ಕುದುರೆಯೂ ಇಲ್ಲದೆ ತಿರುಗಿ ತಿರುಗಿ ಆಡುವವನು ವೀರಣ್ಣನವರ ವಾರಸುದಾರನಲ್ಲ. ಹೊಸದನ್ನು ಹುಡುಕುವವನೇ ವಾರಸುದಾರ.

ಸಣ್ಣ ನಾಟಕವೇ ಏಕೆ?

ಏಕೆಂದರೆ ದುಡಿಯುವವನ ಹತ್ತಿರ ಹೊತ್ತಿಲ್ಲ. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಕಾರ್ಖಾನೆ ಕಾಯ್ದೆಯನ್ನು ತಿದ್ದಿತು. ವಾರಕ್ಕೆ 48 ಗಂಟೆಯ ಮಿತಿಯನ್ನು ಹಾಗೆಯೇ ಇಟ್ಟು, ದಿನದ ದುಡಿಮೆ 12 ಗಂಟೆಯವರೆಗೂ ಹೋಗಬಹುದೆಂದಿತು. ಮೂರು ತಿಂಗಳ ಓವರ್‌ಟೈಂ ಮಿತಿಯನ್ನು 75 ಗಂಟೆಯಿಂದ 144ಕ್ಕೆ ಏರಿಸಿತು. ಹನ್ನೆರಡು ಗಂಟೆ ನಿಂತು ದುಡಿದು ಬಂದವನನ್ನು ಹತ್ತು ಗಂಟೆಯ ನಾಟಕಕ್ಕೆ ಕೂರಿಸುವುದು ಕಲಾಸೇವೆಯಲ್ಲ, ಇನ್ನೊಂದು ಪಾಳಿ. ಬಾಗಿಲು ಹಾಕುವ ಹೊತ್ತಿಗೆ ರಾತ್ರಿ ಹತ್ತಾಗುವ ಅಂಗಡಿಯವನ ಪಾಡೂ ಇದೇ. ಅರ್ಧ ಗಂಟೆಯ ನಾಟಕ ಪಾಳಿ ಬದಲಾಗುವ ಹೊತ್ತಿನಲ್ಲಿ ಗೇಟಿನ ಮುಂದೆ ನಡೆದೀತು. ಅದಕ್ಕೆ ಸೀನರಿ ಬೇಡ, ಕಿರೀಟ ಬೇಡ, ಪಾತ್ರಕ್ಕೆ ಹಣ ಕಟ್ಟಬೇಕಾಗಿಲ್ಲ. ನಾಲ್ಕು ಜನ, ಒಂದು ಬೆಂಚು, ಮಾತು ಬಲ್ಲ ಬಾಯಿ ಇದ್ದರೆ ಸಾಕು.

ಇದು ಕನ್ನಡಕ್ಕೆ ಹೊರಗಿನ ಸರಕೂ ಅಲ್ಲ. ಕಂಪನಿ ನಾಟಕದ ಅಬ್ಬರದ ನಡುವೆಯೇ ಕೈಲಾಸಂ ಮನೆಯ ಪಡಸಾಲೆಯನ್ನು ರಂಗಕ್ಕೆ ತಂದರು. ಅವರ ‘ಬಂಡ್ವಾಳ್ವಿಲ್ಲದ ಬಡಾಯಿ’ ಎಂಬ ಹೆಸರೇ ಇವತ್ತಿನ ಎಷ್ಟೋ ಮುಖಂಡರಿಗೆ ಅಳತೆ ತೆಗೆದು ಹೊಲಿಸಿದ ಅಂಗಿಯಂತಿದೆ. ಲಂಕೇಶರು ‘ಪೋಲೀಸರಿದ್ದಾರೆ ಎಚ್ಚರಿಕೆ’, ‘ಕ್ರಾಂತಿ ಬಂತು ಕ್ರಾಂತಿ’, ‘ಗಿಳಿಯು ಪಂಜರದೊಳಿಲ್ಲ’ ಬರೆದರು. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡ ಚಂಪಾ ‘ಜಗದಂಬೆಯ ಬೀದಿನಾಟಕ’ ಬರೆದರು. ಲಂಕೇಶರು 2000ದಲ್ಲಿ, ಚಂಪಾ 2022ರಲ್ಲಿ ತೀರಿಕೊಂಡರು, ನಾಟಕಗಳು ತೀರಿಕೊಂಡಿಲ್ಲ. ಇವುಗಳಿಂದ ಕೈ ಪಳಗಿಸಿಕೊಳ್ಳಬಹುದು.

ಆದರೆ ಅಲ್ಲಿಗೇ ನಿಲ್ಲಬಾರದು. ಬದುಕಿರುವವರು ಬರೆಯುತ್ತಿರುವುದನ್ನು ತರಿಸಿ ನೋಡಬೇಕು. ಪೌರಕಾರ್ಮಿಕರ ಜೊತೆ ನಿಂತು ಹೋರಾಡಿದ ದು. ಸರಸ್ವತಿಯವರು ‘ಸಣ್ತಿಮ್ಮಿ ರಾಮಾಯಣ’ವನ್ನು ಬರೆದು ಒಬ್ಬರೇ ಆಡುತ್ತಾರೆ. ಹಳ್ಳಿಯ ಹೆಂಗಸೊಬ್ಬಳ ಬಾಯಲ್ಲಿ ರಾಮಾಯಣ ಏನಾಗುತ್ತದೆಂಬುದನ್ನು ಪುರಾಣಪ್ರಿಯರಾದ ನಮ್ಮ ಜನ ಅಗತ್ಯ ಕೇಳಬೇಕು. ಶರಣ್ಯ ರಾಮಪ್ರಕಾಶ್ ಅವರ ‘ಅಕ್ಷಯಾಂಬರ’ದಲ್ಲಿ ಇಬ್ಬರೇ ನಟರು: ದ್ರೌಪದಿಯ ವೇಷ ಹಾಕುವ ಗಂಡಸು, ಕೌರವನ ವೇಷ ಹಾಕಲು ಬಂದ ಹೆಂಗಸು. ಚೌಕಿಯ ಒಳಗೆ ಅವರಿಬ್ಬರ ನಡುವೆ ನಡೆಯುವ ಜಗಳವನ್ನು ನೋಡಿದವನಿಗೆ ದ್ರೌಪದಿಯ ಸೀರೆ ಎಳೆಯುವ ದೃಶ್ಯಕ್ಕೆ ಸಿಳ್ಳೆ ಹಾಕಲು ಮನಸ್ಸು ಬಾರದು. ಇನ್ನು ‘ದಕ್ಲಕಥಾ ದೇವಿಕಾವ್ಯ’ವಂತೂ ನಮ್ಮ ಮನೆಯದೇ. 2019ರಲ್ಲಿ ನಾವು ಕಳೆದುಕೊಂಡ ತುಮಕೂರಿನ ಕವಿ ಕೆ.ಬಿ. ಸಿದ್ದಯ್ಯನವರ ಕಾವ್ಯವನ್ನು ಲಕ್ಷ್ಮಣ ಕೆ.ಪಿ. ಮತ್ತು ಜಂಗಮ ತಂಡದ ಯುವಕರು ರಂಗಕ್ಕೆ ತಂದರು. ಅಸ್ಪೃಶ್ಯರೊಳಗೂ ಅಸ್ಪೃಶ್ಯರಾಗಿ ಉಳಿದ ದಕ್ಕಲರ ಹಸಿವಿನ ಕಥೆ ಅದು. ಇದು ಸಣ್ಣ ನಾಟಕವಲ್ಲ. ಆದರೂ ಹೆಸರಿಸುತ್ತೇವೆ, ಏಕೆಂದರೆ ನಮ್ಮೂರಿನ ಕವಿಯ ಮಾತು ಪರವೂರುಗಳಲ್ಲಿ ಚಪ್ಪಾಳೆ ಪಡೆಯುವಾಗ ನಮ್ಮ ಸಂಘಗಳು ಅದರ ಒಂದು ತುಣುಕನ್ನಾದರೂ ಕಲಿತು ಆಡದಿದ್ದರೆ ಅದು ನಾಚಿಕೆಗೇಡು.

“ಇದು ಪ್ರಚಾರ, ಕಲೆಯಲ್ಲ”

ಸಣ್ಣ ನಾಟಕ ಎಂದೊಡನೆ ಮೂಗು ಮುರಿಯುವ ಪಂಡಿತರಿದ್ದಾರೆ. ಅವರ ಸಂಶಯಕ್ಕೆ ಒಂದು ಕಾರಣವುಂಟು. ಸರಕಾರದ ಇಲಾಖೆಗಳು ಬೀದಿನಾಟಕವನ್ನು ಗುತ್ತಿಗೆಗೆ ಹಿಡಿದು ಯೋಜನೆಗಳ ಡಂಗುರವನ್ನಾಗಿ ಮಾಡಿಬಿಟ್ಟಿವೆ. ಕಲಾವಿದನಿಗೆ ಅದರಿಂದ ನಾಲ್ಕು ಕಾಸು ಸಿಗುತ್ತದೆ, ಸಿಗಲಿ. ಆದರೆ ಕೇಳುವ ನಾಟಕವನ್ನು ಹೇಳಿಕೊಟ್ಟದ್ದನ್ನು ಒಪ್ಪಿಸುವ ನಾಟಕವಾಗಿ ಮಾಡಿದ್ದು ಯಾರು? ಪ್ರಚಾರ ಎಂಬ ಬೈಗುಳ ಆ ಕಡೆಗೆ ಹೋಗಲಿ.

ನಿಜವಾದ ಸಣ್ಣ ನಾಟಕಕ್ಕೆ ಎಷ್ಟು ಬಲವಿದೆಯೆಂಬುದು ಪಂಡಿತರಿಗಿಂತ ಆಳುವವರಿಗೆ ಚೆನ್ನಾಗಿ ಗೊತ್ತು. ಬ್ರಿಟಿಷರು 1876ರಲ್ಲೇ ನಾಟಕ ಪ್ರದರ್ಶನ ಕಾಯ್ದೆ ಮಾಡಿದರು. ಅವರು ಹೋದ ಮೇಲೂ ಅದು ಉಳಿದು, 2018ರಲ್ಲಷ್ಟೇ ರದ್ದಾಯಿತು. ದೆಹಲಿಯ ಹತ್ತಿರದ ಒಂದು ಕಾರ್ಖಾನೆಯ ಕಾರ್ಮಿಕರು ಸೈಕಲ್ ನಿಲ್ಲಿಸಲು ಚಪ್ಪರ, ಚಹಕ್ಕೆ ಕ್ಯಾಂಟೀನು ಕೇಳಿದ್ದಕ್ಕೆ ಗುಂಡು ಹಾರಿತು. ಅದನ್ನೇ ವಸ್ತುವಾಗಿಟ್ಟು 1978ರಲ್ಲಿ ಜನನಾಟ್ಯ ಮಂಚ್ ‘ಮಶೀನ್’ ಆಡಿತು. ಅದರ ಉದ್ದ ಹದಿಮೂರು ನಿಮಿಷದಷ್ಟು. ಆ ತಂಡದ ಸಫ್ದರ್ ಹಾಶ್ಮಿಯವರ ಮೇಲೆ 1989ರ ಜನವರಿ 1ರಂದು ಸಾಹಿಬಾಬಾದಿನಲ್ಲಿ ಕಾರ್ಮಿಕರ ಮುಂದೆ ‘ಹಲ್ಲಾ ಬೋಲ್’ ಆಡುತ್ತಿರುವಾಗಲೇ ಗೂಂಡಾಗಳು ಬಿದ್ದರು. ರಾಮ್ ಬಹಾದ್ದೂರ್ ಎಂಬ ಕಾರ್ಮಿಕ ಸತ್ತ; ಮರುದಿನ 34 ವಯಸ್ಸಿನ ಸಫ್ದರ್ ಸತ್ತರು. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ಹಾಗೂ ಸಂಗಾತಿಗಳು ಅದೇ ಜಾಗಕ್ಕೆ ಹೋಗಿ ನಿಂತ ನಾಟಕವನ್ನು ಮುಗಿಸಿದರು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ 11 ಜನರನ್ನು ಕೊಂದಾಗ ಕರ್ನಾಟಕದ ಬೀದಿಗಳಲ್ಲಿ ಸಿ.ಜಿ.ಕೆ. ಮತ್ತು ಸಮುದಾಯದ ಗೆಳೆಯರು ‘ಬೆಲ್ಚಿ’ಯನ್ನು ಆಡಿ ತೋರಿಸಿದರು. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರ ಎಳೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಪುಟ್ಟ ನಾಟಕ ಆಡಿದ್ದಕ್ಕೆ ರಾಜದ್ರೋಹದ ಮೊಕದ್ದಮೆ ಬಿತ್ತು. ಒಬ್ಬ ಮುಖ್ಯೋಪಾಧ್ಯಾಯಿನಿಯನ್ನೂ ಒಂದು ಮಗುವಿನ ತಾಯಿಯನ್ನೂ ಸೆರೆಗೆ ಹಾಕಿದರು. ಹೈಕೋರ್ಟು ಆ ಮೊಕದ್ದಮೆಯನ್ನು ರದ್ದು ಮಾಡಿದ್ದು 2023ರ ಜೂನಿನಲ್ಲಿ. ಇಡೀ ರಾತ್ರಿಯ ಕುರುಕ್ಷೇತ್ರವನ್ನು ಶಾಸಕರು ಬಂದು ದೀಪ ಹಚ್ಚಿ ಉದ್ಘಾಟಿಸುತ್ತಾರೆ. ಮಕ್ಕಳ ಪುಟ್ಟ ನಾಟಕಕ್ಕೆ ಪೊಲೀಸರು ಬರುತ್ತಾರೆ. ಯಾವುದಕ್ಕೆ ಹಲ್ಲಿದೆಯೆಂದು ಇನ್ನೂ ವಿವರಿಸಬೇಕೆ?

ಬರೆಯದೆ ಉಳಿದ ನಾಟಕಗಳು

ನಮ್ಮಲ್ಲಿ ವಸ್ತುವಿಗೆ ಕೊರತೆಯೆ? ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಸಾವಿರಾರು ಕೈಗಳು ನಾಡಿಗೆ ಹೊತ್ತು ತೋರಿಸುವ ಗಡಿಯಾರ ಕಟ್ಟಿದವು. 2016ರ ಜನವರಿಯಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿತು. ಆ ಕೊನೆಯ ದಿನ ಮನೆಗೆ ಹೋದ ಕಾರ್ಮಿಕನ ಕೈಯಲ್ಲಿ ಗಡಿಯಾರ ಎಷ್ಟು ಹೊತ್ತು ತೋರಿಸುತ್ತಿತ್ತು? ಇದು ನಾಟಕವಲ್ಲವೆ? 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿಯವರಿಗೆ, ತರಕಾರಿಯವರಿಗೆ ನೋಟೀಸು ಕೊಟ್ಟಿತು. ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಬೋರ್ಡು ಎದ್ದಿತು. ವರ್ತಕರು ಸೇರಿ ಎದ್ದು ನಿಂತ ಮೇಲೆ ಹಳೆಯ ಬಾಕಿ ಕೇಳುವುದಿಲ್ಲವೆಂದು ಸರಕಾರ ಅದೇ ತಿಂಗಳಲ್ಲಿ ಹೇಳಬೇಕಾಯಿತು. ಒಬ್ಬ ಅಂಗಡಿಯವನು, ಒಬ್ಬ ಗಿರಾಕಿ, ಒಬ್ಬ ಅಧಿಕಾರಿ, ಒಂದು ಬೋರ್ಡು: ನಾಲ್ಕು ಪಾತ್ರ ಆಯಿತು. ಬರೆಯಬೇಕಾದವನು ಮಂಡಿಪೇಟೆಯಲ್ಲೇ ಎಲ್ಲೋ ಚೀಟಿ ಬರೆಯುತ್ತ ಕುಳಿತಿದ್ದಾನೆ.

“ಮೊದಲು ಕೂಲಿ, ಆಮೇಲೆ ನಾಟಕ” ಎನ್ನುವ ಸಂಗಾತಿಗಳಿಗೂ ಒಂದು ಮಾತು. ತನ್ನ ಪಾಡನ್ನು ಬಾಯಿ ಬಿಟ್ಟು ಹೇಳಲಾರದವನು ಕೂಲಿಯನ್ನೂ ಕೇಳಲಾರ. ರಂಗದ ಮೇಲೆ ಮಾಲೀಕನ ಪಾತ್ರಧಾರಿಯ ಎದುರು ನಿಂತು ಮಾತಾಡಿದವನಿಗೆ ಆಫೀಸಿನ ಮೇಜಿನ ಎದುರು ನಾಲಿಗೆ ತೊದಲುವುದಿಲ್ಲ.

ಆದ್ದರಿಂದ ನಮ್ಮ ಸಲಹೆ ಸರಳವಾದದ್ದು. ಪ್ರತಿಯೊಂದು ಕಾರ್ಮಿಕ ಸಂಘವೂ, ವರ್ತಕರ ಸಂಘವೂ ವರ್ಷಕ್ಕೆ ಎರಡು ಹೊಸ ಸಣ್ಣ ನಾಟಕಗಳನ್ನು ಆಡಲಿ; ಒಂದು ಬೇರೆಯವರು ಬರೆದದ್ದು, ಒಂದು ನಮ್ಮವರೇ ಬರೆದದ್ದು. ನಾಟಕಕಾರನ ಅಪ್ಪಣೆ ಪಡೆದು ಗೌರವಧನ ಸಲ್ಲಿಸಿ ಆಡಲಿ. ಕೂಲಿಗಾಗಿ ಘೋಷಣೆ ಕೂಗುವವರು ಬರೆದವನ ಕೂಲಿಯನ್ನು ನುಂಗಬಾರದು. ವಸಂತನರಸಾಪುರದ ಗೇಟು, ಅಂತರಸನಹಳ್ಳಿಯ ಮಾರುಕಟ್ಟೆ, ಕುಣಿಗಲಿನ ಬಸ್ ನಿಲ್ದಾಣ, ಗುಬ್ಬಿಯ ತೇರಿನ ಬೀದಿ ನಮ್ಮ ರಂಗಮಂದಿರಗಳಾಗಲಿ. ದುರ್ಯೋಧನನ ಪಾತ್ರ ಮಾಡಿ ಗಂಟಲು ಪಳಗಿಸಿಕೊಂಡ ನಮ್ಮ ಅಣ್ಣಂದಿರೇ ಮುಂದೆ ಬರಲಿ. ಕೌರವನ ಛಲವನ್ನು ಐದೂರಿನ ಜಗಳಕ್ಕೆ ಸವೆಸಿದ್ದು ಸಾಕು. ಬರುವ ಮೇ ದಿನದಂದು ಅದೇ ಗಂಟಲಿನಲ್ಲಿ ಎಂಟು ಗಂಟೆಯ ದುಡಿಮೆಯ ಮಾತು ಕೇಳಿಬರಲಿ.