ಮತ್ತೆ ಎಡವಿದವನನ್ನು ಶಪಿಸದಿರೋಣ

ಸಂಡೂರಿನ ಗಣಿಯಲ್ಲಿ ದುಡಿದು ಹೊಸಪೇಟೆಗೆ ಮರಳುವವನೊಬ್ಬ, ತಿಂಗಳುಗಟ್ಟಲೆ ತೊರೆದಿದ್ದ ಮದ್ಯವನ್ನು ಒಂದು ಸಂಜೆ ಮತ್ತೆ ಮುಟ್ಟುತ್ತಾನೆ. ಆ ವಾರ ನಾಚಿಕೆಯಿಂದ ಜುಮಾ ನಮಾಝಿಗೂ ಬರುವುದಿಲ್ಲ. ಆಗ ನಾವು, 'ಇವನು ಸುಧಾರಿಸುವವನಲ್ಲ' ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಒಬ್ಬರು ಶಪಿಸಿದಾಗ ಪ್ರವಾದಿ ಮುಹಮ್ಮದ್(ಸ)ರು ತಡೆದರು. ಆತನ ಹೃದಯದಲ್ಲಿ ಅಲ್ಲಾಹನ ಮೇಲಿನ ಪ್ರೀತಿಯಿದೆಯೆಂದು ಸಾಕ್ಷ್ಯ ನುಡಿದರೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಮದ್ಯವು ಹರಾಮ್ ಆಗಿಯೇ ಉಳಿಯಿತು, ಶಿಕ್ಷೆಯೂ ನಡೆಯಿತು. ಆದರೆ ಆತನನ್ನು ಸಮುದಾಯದಿಂದ ಹೊರಗಟ್ಟಲಿಲ್ಲ.

2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ವ್ಯಸನವು ರೋಗವೂ ಹೌದು. ವಿಪರೀತ ಕುಡಿಯುವವನು ಹಠಾತ್ತನೆ ಬಿಟ್ಟರೆ ನಡುಕ, ಮೂರ್ಛೆ ಬರಬಹುದು. ಆದ್ದರಿಂದ ತೌಬಾದ ಜೊತೆಗೆ ವೈದ್ಯರ ಚಿಕಿತ್ಸೆಯೂ ಬೇಕು, ಮನೆಯವರ ಸಹನೆಯೂ ಬೇಕು. ಮುಂದಿನ ಜುಮಾಗೆ ಅವನ ಮನೆಗೆ ಹೋಗಿ, ಜೊತೆಯಲ್ಲೇ ಕರೆತರೋಣ.