ಒಂದೇ ಹೆಸರು ತುಂಬಿದ ವಂಶಾವಳಿ

ರೇಸ್ ಮೈದಾನದಲ್ಲಿ ಓಡುವ ಥರೋಬ್ರೆಡ್ ಕುದುರೆಗಳ ಕಳೆದ ಅರವತ್ತು ವರ್ಷಗಳ ಲೆಕ್ಕ ತೆಗೆದರೆ ಮತ್ತೆ ಮತ್ತೆ ಎದುರಾಗುವುದು ಒಂದೇ ಹೆಸರು: ನಾರ್ದರ್ನ್ ಡಾನ್ಸರ್. 1961ರಲ್ಲಿ ಕೆನಡಾದಲ್ಲಿ ಹುಟ್ಟಿ 1964ರಲ್ಲಿ ಕೆಂಟಕಿ ಡರ್ಬಿ ಗೆದ್ದ ಗಿಡ್ಡ ಕುದುರೆ ಅದು. ಐರ್ಲೆಂಡಿನ ಸಂಶೋಧಕರು 2020ರಲ್ಲಿ ನಾನಾ ದೇಶಗಳ 10,118 ಥರೋಬ್ರೆಡ್‌ಗಳ ಅಧ್ಯಯನ ಪ್ರಕಟಿಸಿದಾಗ, ಶೇ 97ರಷ್ಟು ಕುದುರೆಗಳಿಗೆ ಅದೇ ಪೂರ್ವಜ ಎಂದು ತಿಳಿಯಿತು. ಯೂರೋಪಿನಲ್ಲಿ ಅದರ ಮಗ ಸ್ಯಾಡ್ಲರ್ಸ್ ವೆಲ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮೊಮ್ಮಗ ಡೇನ್‌ಹಿಲ್ ಆ ರಕ್ತವನ್ನು ಹರಡಿದವು. ಇನ್ನೊಂದು ಮಗ ರಝೀನ್ ಭಾರತಕ್ಕೇ ಬಂದು, ಇಲ್ಲಿ ಹೆಸರಾಂತ ಬೀಜದ ಕುದುರೆಯಾಯಿತು.

ಮೊದಲೇ ಇದು ಕಿರಿದಾದ ತಳಿ. 1704ರಲ್ಲಿ ಅಲೆಪ್ಪೊದಿಂದ ಯಾರ್ಕ್‌ಶೈರ್‌ಗೆ ಬಂದ ಡಾರ್ಲಿ ಅರೇಬಿಯನ್, ಅದರ ಜೊತೆಗೆ ಬಯರ್ಲಿ ಟರ್ಕ್ ಮತ್ತು ಗಾಡಾಲ್ಫಿನ್ ಅರೇಬಿಯನ್: ಇಂದಿನ ಗಂಡು ಸಾಲುಗಳೆಲ್ಲ ಈ ಮೂರರಿಂದ ಇಳಿದವು. ಅದರಲ್ಲೂ ಶೇ 95ರಷ್ಟು ಡಾರ್ಲಿಯದೇ. ತಾಯಿಯ ಕಡೆಯ ಸಾಲುಗಳಲ್ಲಿ ಶೇ 72ರಷ್ಟಕ್ಕೆ ಹತ್ತೇ ಹೆಣ್ಣುಕುದುರೆಗಳು ಮೂಲವೆಂದು 2001ರ ಅಧ್ಯಯನ ಹೇಳಿತು. 1791ರಲ್ಲಿ ಇಂಗ್ಲೆಂಡಿನಲ್ಲಿ ವಂಶಾವಳಿ ಅಚ್ಚಾಗತೊಡಗಿತು; ಕ್ರಮೇಣ ಹೊರಗಿನ ರಕ್ತಕ್ಕೆ ಬಾಗಿಲು ಮುಚ್ಚಿತು.

ಇದರ ಫಲವನ್ನು ಕನ್ನಡಿಗರಿಗೆ ಸುಲಭವಾಗಿ ಹೇಳಬಹುದು. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟುವ ಮಗುವಿನ ಒಳಸಂಕರಣದ ಪ್ರಮಾಣ ಶೇ 12.5. ಒಂದೇ ಪೂರ್ವಜನ ವಂಶವಾಹಿಯ ಪ್ರತಿ ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಬಂದು ಕೂಡುವ ಸಂಭವ ಅದು. ಥರೋಬ್ರೆಡ್‌ನ ವಂಶಾವಳಿಯನ್ನು ಬುಡದವರೆಗೂ ಹಿಡಿದು ಎಣಿಸಿದರೆ, ಇಡೀ ತಳಿಯ ಸರಾಸರಿಯೇ ಹೆಚ್ಚುಕಡಿಮೆ ಅಷ್ಟಿದೆ.

ಅದು ಇನ್ನೂ ಏರುತ್ತಿದೆ ಎಂಬುದೇ ನನ್ನನ್ನು ಕಾಡುವ ಸಂಗತಿ. ಈ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅನುಮತಿಯಿಲ್ಲ. ಗಂಡು, ಹೆಣ್ಣು ಎದುರುಬದುರಾಗಿ ಕೂಡಬೇಕು. ಆ ನಿಯಮವೇ ಒಂದು ಮಿತಿಯಾಗಿತ್ತು. ಹಿಂದೆ ಒಂದು ಗಂಡಿಗೆ ವರ್ಷಕ್ಕೆ ನಲವತ್ತರ ಆಸುಪಾಸು ಹೆಣ್ಣುಗಳು. ಪಶುವೈದ್ಯಕೀಯ ಮುಂದುವರಿದು, ಗರ್ಭ ಕಟ್ಟುವ ಸರಿಯಾದ ಗಳಿಗೆ ಗೊತ್ತಾಗತೊಡಗಿದ ಮೇಲೆ ಬೇಡಿಕೆಯ ಗಂಡು ಇನ್ನೂರು ದಾಟಿತು. ಉತ್ತರ ಗೋಳಾರ್ಧದ ಋತು ಮುಗಿದರೆ ವಿಮಾನ ಹತ್ತಿಸಿ ದಕ್ಷಿಣಕ್ಕೆ. ಹೆಚ್ಚಿನ ಏರಿಕೆ 1990ರ ದಶಕದ ನಡುಭಾಗದಿಂದ ಈಚಿನದು ಎಂದು 2012ರ ಅಧ್ಯಯನ ತೋರಿಸಿತು. ಒಳಸಂಕರಣ ಹೆಚ್ಚಿದಷ್ಟೂ ಓಟದ ಸಾಮರ್ಥ್ಯ ಕುಗ್ಗುತ್ತದೆ ಎಂದು 2018ರಲ್ಲಿ ಆಸ್ಟ್ರೇಲಿಯಾದಿಂದ ವರದಿ ಬಂತು; ಅಂಥ ಮರಿಗಳು ರೇಸಿನ ಗೇಟು ತಲುಪುವ ಸಂಭವವೇ ಕಡಿಮೆ ಎಂದು 2022ರಲ್ಲಿ ಐರ್ಲೆಂಡಿನಿಂದ. ವೇಗಕ್ಕೆಂದೇ ಬೆಳೆಸಿದ ತಳಿಯಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೆ?

ಎಚ್ಚೆತ್ತುಕೊಳ್ಳುವ ಒಂದು ಪ್ರಯತ್ನವೇನೋ ನಡೆಯಿತು. 2020ರಿಂದ ಈಚೆಗೆ ಹುಟ್ಟಿದ ಗಂಡುಗಳಿಗೆ ವರ್ಷಕ್ಕೆ 140 ಹೆಣ್ಣುಗಳ ಮಿತಿಯನ್ನು ಅಲ್ಲಿನ ಥರೋಬ್ರೆಡ್‌ಗಳ ವಂಶಾವಳಿ ಇಡುವ ಅಮೆರಿಕದ ಜಾಕಿ ಕ್ಲಬ್ ಸಾರಿತು. ದೊಡ್ಡ ಸ್ಟಡ್ ಫಾರ್ಮ್‌ಗಳು ಕೋರ್ಟಿಗೆ ಹೋದವು, ಕೆಂಟಕಿಯ ಶಾಸಕರು ಅವುಗಳ ಬೆನ್ನಿಗೆ ನಿಂತರು. 2022ರ ಫೆಬ್ರುವರಿಯಲ್ಲಿ ನಿಯಮವನ್ನೇ ಹಿಂತೆಗೆದುಕೊಳ್ಳಲಾಯಿತು. ಒಂದೊಂದು ಕೂಡಿಕೆಗೂ ದೊಡ್ಡ ಶುಲ್ಕ ಸಿಗುವಾಗ ಮುಂದಿನ ಪೀಳಿಗೆಯ ಪರವಾದ ವಾದ ನಿಲ್ಲಲಿಲ್ಲ. ಈ ಅವಧಿಯ ಅತಿ ದೊಡ್ಡ ಸೋಲು ಇದೇ ಎಂದು ನನ್ನ ಎಣಿಕೆ.

ಒಳಸಂಕರಣಕ್ಕೆ ಕಡಿವಾಣ ಹಾಕುವುದು ಅಸಾಧ್ಯವಾಗಿದ್ದರೆ ಮಾತು ಬೇರೆ. ಆದರೆ ಇನ್ನೊಂದು ಕುದುರೆಯ ವಿಷಯದಲ್ಲಿ ಅದು ಸಾಧ್ಯವಾಗಿದೆ. ಮಂಗೋಲಿಯಾದ ತಾಖಿ, ಅಂದರೆ ಪ್ರಝೆವಾಲ್‌ಸ್ಕಿ ಕುದುರೆ, ಕಾಡಿನಲ್ಲಿ ಕೊನೆಯದಾಗಿ ಕಂಡದ್ದು 1969ರಲ್ಲಿ, ಗೋಬಿಯಲ್ಲಿ. ಮೃಗಾಲಯಗಳಲ್ಲಿ ಉಳಿದವುಗಳ ಬೇರು ಕಾಡಿನಲ್ಲಿ ಹುಟ್ಟಿದ ಕೇವಲ 12 ಪೂರ್ವಜರಲ್ಲಿತ್ತು. ಪ್ರಾಗ್ ಮೃಗಾಲಯ ವಂಶಾವಳಿ ಇಟ್ಟಿತು. ಆದರೆ ಗೆದ್ದದ್ದು ಯಾವುದೆಂದು ಹುಡುಕುವುದಕ್ಕಲ್ಲ. ಯಾರ ರಕ್ತ ಕಡಿಮೆಯಾಗುತ್ತಿದೆ, ಯಾರನ್ನು ಯಾರ ಜೊತೆ ಕೂಡಿಸಬಾರದು ಎಂದು ನೋಡುವುದಕ್ಕೆ. ದೇಶದಿಂದ ದೇಶಕ್ಕೆ ಕುದುರೆಗಳು ಹೋದವು, ಹಣ ಮಾಡುವುದಕ್ಕಲ್ಲ. 1992ರಲ್ಲಿ ತಾಖಿ ಮಂಗೋಲಿಯಾದ ಹುಲ್ಲುಗಾವಲಿಗೆ ಮರಳಿತು. 1980ರಲ್ಲಿ ಹೆಪ್ಪುಗಟ್ಟಿಸಿಟ್ಟ ಗಂಡೊಂದರ ಜೀವಕೋಶದಿಂದ 2020ರಲ್ಲಿ ತದ್ರೂಪಿ ಮರಿ ಕರ್ಟ್ ಹುಟ್ಟಿತು. ಕ್ಷೀಣಿಸುತ್ತಿದ್ದ ವಂಶವಾಹಿಗಳನ್ನು ಮತ್ತೆ ಹಿಂಡಿಗೆ ಸೇರಿಸುವುದೇ ಅದರ ಗುರಿ.

ಇನ್ನು ನಮ್ಮ ನಾಡಿನ ಮಾತು. ಹೈದರ್, ಟಿಪ್ಪುವಿನ ಕಾಲದಲ್ಲಿ ಸೇನೆಗೆ ಕುದುರೆ ಒದಗಿಸಿದ ಕುಣಿಗಲ್ ಮುಂದೆ ಥರೋಬ್ರೆಡ್ ಸ್ಟಡ್ ಆಯಿತು. ವಿದೇಶದಿಂದ ಗಂಡು ತರಿಸಿದರೆ ಹೊಸ ರಕ್ತ ಬರುತ್ತದೆ ಎಂಬ ನಂಬಿಕೆ ನಮ್ಮ ಸ್ಟಡ್‌ಗಳಲ್ಲಿ ಹಳೆಯದು. ನಾರ್ದರ್ನ್ ಡಾನ್ಸರ್‌ನ ಆ ಶೇ 97ರ ಅಂಕಿಯ ಮುಂದೆ ಅದು ನಿಲ್ಲುವುದಿಲ್ಲ. ಭಾರತದ ಥರೋಬ್ರೆಡ್‌ಗಳ ದಾಖಲೆ ಪುಣೆಯಲ್ಲಿದೆ. ಮರಿಯನ್ನು ನೋಂದಾಯಿಸುವಾಗಲೇ ಅದರ ಒಳಸಂಕರಣದ ಪ್ರಮಾಣವನ್ನು ಎಣಿಸಿ, ಹರಾಜಿನ ಕೆಟಲಾಗಿನಲ್ಲಿ ತಂದೆ ತಾಯಿಯ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕಬೇಕು. ಇದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.